ಲೇಬಲ್ ಇಲ್ಲದ ವೈರು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಗರುಡಾಚಾರ್‌ಪಾಳ್ಯದ ಆ ನಾಲ್ಕಂತಸ್ತಿನ ಕಟ್ಟಡದಲ್ಲಿ ನಡೆದದ್ದನ್ನು ನಾನು ಕುಡಿದು ಹೇಳುತ್ತಿಲ್ಲ. ಯಾರದೋ ಬಾಯಲ್ಲಿ ಕೇಳಿದ್ದೂ ಅಲ್ಲ.

ಆಫೀಸುಗಳಿಗೆ ನೆಟ್‌ವರ್ಕ್ ವೈರು ಎಳೆಯುವುದು ಹದಿನೆಂಟು ವರ್ಷದಿಂದ ನನ್ನ ಕೆಲಸ. ಪ್ರತಿ ವೈರಿನ ಎರಡೂ ತುದಿಗೆ ಲೇಬಲ್ ಕಟ್ಟಬೇಕು, ಇನ್ನೊಂದು ತುದಿ ಎಲ್ಲಿದೆ ಎಂದು ಬರೆಯಬೇಕು. ಇಷ್ಟೂ ಮಾಡದ ದಂಡಪಿಂಡಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಕಟ್ಟಡದ ಸರ್ವರ್ ರೂಮಿನ ಬಾಗಿಲು ತೆಗೆದರೆ... ಥೂ! ಶ್ಯಾವಿಗೆ ಚೆಲ್ಲಿದ ಹಾಗೆ ರಾಶಿ ವೈರು, ಒಂದಕ್ಕೂ ಹೆಸರಿಲ್ಲ.

ಓನರಿಗೆ ಫೋನ್ ಮಾಡಿದೆ. “ಲೇಬಲ್ ಯಾಕ್ರೀ? ನೆಟ್ ಬರ್ತಿದೆ ಅಲ್ವಾ?” ಎಂದ. ಮಹಾನುಭಾವ!

ಎಲ್ಲರೂ ಮನೆಗೆ ಹೋದ ಮೇಲೆಯೇ ನೆಟ್ ನಿಲ್ಲಿಸಬಹುದು. ಹಾಗಾಗಿ ಸತ್ತ ವೈರು ಕಿತ್ತು, ಉಳಿದವನ್ನು ಸರಿಪಡಿಸುವ ಕೆಲಸ ರಾತ್ರಿ ಹನ್ನೊಂದಕ್ಕೆ ಶುರು ಮಾಡಿದೆ. ಜೊತೆಗಿದ್ದವನು ಯಾದಗಿರಿ ಕಡೆಯ ಸೆಕ್ಯುರಿಟಿ ಬಸಪ್ಪ ಒಬ್ಬನೇ. ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು, ಬೇಸ್‌ಮೆಂಟಿನ ಜನರೇಟರ್ ತಾನಾಗಿಯೇ ಗುಡುಗುಟ್ಟಿತು.

“ಡೀಸೆಲ್ ಎಷ್ಟೈತಿ ನೋಡಿ ಬರ್ತೀನ್ರಿ ಸಾರ್,” ಎಂದು ಬಸಪ್ಪ ಕೆಳಗೆ ಹೋದ.

ಯಾವ ವೈರು ಎಲ್ಲಿಗೆ ಹೋಗಿದೆ ಎಂದು ಹುಡುಕಲು ನಮ್ಮ ಬಳಿ ಜೋಡಿ ಯಂತ್ರ ಇರುತ್ತದೆ. ಒಂದನ್ನು ವೈರಿನ ತುದಿಗೆ ಸಿಕ್ಕಿಸಿದರೆ ಅದು ಸದ್ದು ಕಳಿಸುತ್ತದೆ. ಇನ್ನೊಂದು ಕಡ್ಡಿಯಂಥದ್ದು, ಅದೇ ವೈರಿಗೆ ತಾಗಿದಾಗ ಕೂಗುತ್ತದೆ. ಅಷ್ಟು ಪುರಸೊತ್ತು ಯಾರಿಗಿದೆ? ಸಿಕ್ಕಿಸಿದ ಕಡೆ ದೀಪ ಮಿನುಗದ ವೈರೆಲ್ಲ ಸತ್ತ ವೈರು ಎಂದುಕೊಂಡು ಕಚಕಚ ಕತ್ತರಿಸುತ್ತಾ ಹೋದೆ. ಬೇರೆಯವರ ಸೋಮಾರಿತನಕ್ಕೆ ಬೈಯುತ್ತಾ ನಾನೂ ಅದನ್ನೇ ಮಾಡುತ್ತಿದ್ದೆ, ನಾಚಿಕೆಗೆಟ್ಟವನು.

ಕೊನೆಯ ಬೂದು ವೈರಿಗೆ ಕಟರ್ ಇಟ್ಟೆ. ಜೇಬಿನಲ್ಲಿದ್ದ ಕಡ್ಡಿ ಕೂಗಿತು...

ಸದ್ದು ಕಳಿಸುವ ಯಂತ್ರ ಇನ್ನೂ ಚೀಲದಲ್ಲೇ ಇತ್ತು. ಅದರಲ್ಲಿ ಬ್ಯಾಟರಿಯೂ ಇರಲಿಲ್ಲ.

ಕಡ್ಡಿಯನ್ನು ವೈರಿಗೆ ತಾಗಿಸಿ ಕಿವಿಗೊಟ್ಟೆ. ಟಕ್... ಟಕ್... ಟಕ್... ಯಾರೋ ಬಾಗಿಲು ಬಡಿಯುವ ಸದ್ದು.

“ಬಸಪ್ಪಾ?” ಎಂದೆ. ಅವನು ಹೋಗಿ ಅರ್ಧ ಗಂಟೆಯಾಗಿತ್ತು.

ವೈರು ಮೆಟ್ಟಿಲ ಪಕ್ಕದ ಪೈಪಿನಲ್ಲಿ ಇಳಿದಿತ್ತು. ಪೈಪಿಗೆ ಕಡ್ಡಿ ತಾಗಿಸುತ್ತಾ ಇಳಿದೆ. ಇಳಿದಷ್ಟೂ ಸದ್ದು ಜೋರಾಯಿತು. ಬೇಸ್‌ಮೆಂಟಿನಲ್ಲಿ ಹೊಗೆಯ ಗಬ್ಬು ವಾಸನೆ. ಜನರೇಟರ್ ರೂಮಿನ ಬಾಗಿಲು ಮುಚ್ಚಿಕೊಂಡಿತ್ತು. ಒದ್ದು ತೆಗೆದೆ. ಹೊಗೆಯ ನಡುವೆ ಬಸಪ್ಪ ಅಂಗಾತ ಬಿದ್ದಿದ್ದ. ದರದರ ಎಳೆದು ರಸ್ತೆಗೆ ತಂದೆ.

ಬಹಳ ಹೊತ್ತಿನ ಮೇಲೆ ಕೆಮ್ಮಿ ಕಣ್ಣುಬಿಟ್ಟ.

“ನೀನು ಬಾಗಿಲು ಬಡ್ದಿದ್ಕೆ ಬದುಕ್ಕೊಂಡೆ ಕಣಯ್ಯಾ,” ಎಂದೆ.

“ಎಲ್ಲಿ ಬಡೀಲ್ರಿ ಸಾರ್? ಒಳಗ ಹೋದ ಕೂಡ್ಲೇ ಕಣ್ಣಿಗೆ ಕತ್ತಲಿ ಬಂತು. ನಾ ಬಡದಿಲ್ರಿ...”

ಬೆಳಿಗ್ಗೆ ಹೋಗಿ ನೋಡಿದೆ. ಆ ವೈರು ಜನರೇಟರ್ ರೂಮಿನ ಹಿಂದಿನ ಗೋಡೆಯೊಳಗೆ ಹೋಗಿತ್ತು. ಆ ಗೋಡೆಯಾಚೆ ರೂಮಿಲ್ಲ, ಏನೂ ಇಲ್ಲ. ಬರೀ ಮಣ್ಣು.

ವಾರದಲ್ಲಿ ಎಲ್ಲ ವೈರಿಗೂ ಲೇಬಲ್ ಕಟ್ಟಿದೆ. ಅದೊಂದರ ಲೇಬಲ್ ಹಿಡಿದು ನಿಂತೆ. ಇನ್ನೊಂದು ತುದಿ ಎಲ್ಲಿದೆ ಎಂದು ಬರೆಯಬೇಕಲ್ಲ...

“ಇದೊಂದಕ್ಕೆ ಯಾಕ್ರೀ ಲೇಬಲ್ ಇಲ್ಲ?” ಎಂದು ಓನರ್ ಹಲ್ಲು ಕಿರಿದ.

ಅವನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ.