ಸಂಜೆಯ ಲೋಕಲ್‌ನಲ್ಲಿ ಸಿಕ್ಕ ಲೆಫ್ಟ್ ಬ್ಯಾಕ್

೧೯೭೨ನೆಯ ಇಸವಿ, ನನಗಾಗ ಮೂವತ್ತೊಂದು ವರ್ಷ. ಮುಂಬಯಿಯ ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗಿನ ಎದುರು ಮನೆಯಲ್ಲಿ ಧಾರವಾಡದ ಕಡೆಯವರೊಬ್ಬರಿದ್ದರು. ಒಂದು ಕಾಲಕ್ಕೆ ದೇಶದ ಫುಟ್‌ಬಾಲ್ ತಂಡದ ರಕ್ಷಣಾ ಆಟಗಾರರು. ಆಮೇಲೆ ಫೋರ್ಟ್‌ನ ಬ್ಯಾಂಕೊಂದರ ನೌಕರರು. ಆ ವರ್ಷ ಅದೇ ರಾಷ್ಟ್ರೀಯ ತಂಡದ ಮ್ಯಾನೇಜರ್. ನೇಮಕ ಒಂದೇ ಪ್ರವಾಸಕ್ಕೆ. ತಂಡ ಚೆನ್ನಾಗಿ ಆಡಿದರೆ ಹುದ್ದೆ ಮುಂದುವರಿಯುತ್ತದೆ, ಇಲ್ಲವಾದರೆ ಬ್ಯಾಂಕಿನ ಕೌಂಟರಿಗೆ ಮರಳಬೇಕು ಎಂದು ಫುಟ್‌ಬಾಲ್ ಮಂಡಳಿಯವರು ಮೊದಲೇ ಹೇಳಿದ್ದರು. ಹತ್ತು ಸ್ಥಾನಗಳು ತುಂಬಿದ್ದವು. ಅವರದೇ ಹಳೆಯ ಸ್ಥಾನವಾದ, ಎಡಬದಿ ಕಾಯುವ ಲೆಫ್ಟ್ ಬ್ಯಾಕ್ ಮಾತ್ರ ಖಾಲಿ. ಅಭ್ಯರ್ಥಿಗಳು ಮೂವರು, ಮೈದಾನದಲ್ಲಿ ಮೂವರದೂ ಒಂದೇ ತೂಕ.

"ಮಾಸ್ತರ, ಇವರನ್ನ ಸಂಜಿ ಲೋಕಲ್‌ದಾಗ ನಿಂದರಸ್ತೀನಿ," ಎಂದರು ಒಂದು ದಿನ. "ಬಾಗಲದಾಗ ಜಾಗಾ ಹಿಡದು, ಸಾಂತಾಕ್ರೂಜ್‌ದಾಗ ಇಳೀಬೇಕು. ಯಾರನ್ನೂ ದಬ್ಬಬಾರದು. ದಬ್ಬಿದ್ರ ಫೌಲ್."

"ಅದು ಬೊರಿವಲಿ ಲೋಕಲ್ ಸಾಹೇಬ್ರೆ, ಮೈದಾನವಲ್ಲ."

"ಎಂಥೆಂಥಾ ಫಾರ್ವರ್ಡ್‌ಗೋಳನ್ನ ತಡದೀನ್ರಿ. ಬೊರಿವಲಿಯವ್ರು ಏನ್ ಮಹಾ?"

ಕ್ರೀಡಾಪಟುವೆಂದು ಬ್ಯಾಂಕು ಅವರನ್ನು ಮಧ್ಯಾಹ್ನವೇ ಬಿಟ್ಟುಬಿಡುತ್ತಿತ್ತು. ಆಫೀಸು ಬಿಟ್ಟ ವೇಳೆಯ ಗಾಡಿಯ ಪರಿಚಯ ಅವರಿಗಿರಲಿಲ್ಲ. ಫೋರ್ಟ್‌ನ ಶಾಲೆಯಲ್ಲಿ ವ್ಯಾಕರಣ ಕಲಿಸಿ ದಿನವೂ ಅದರಲ್ಲೇ ಮರಳುತ್ತಿದ್ದ ನನ್ನನ್ನು ಸಾಕ್ಷಿಗೆಂದು ಕರೆದರು.

ಚರ್ಚ್‌ಗೇಟಿನಲ್ಲಿ ಐವರೂ ಹತ್ತಿದೆವು. ದಾದರಿನಲ್ಲಿ ಇಳಿಯುವವರೊಂದಿಗೆ ಮೊದಲನೆಯ ಅಭ್ಯರ್ಥಿಯೂ ಪ್ಲಾಟ್‌ಫಾರ್ಮ್ ಸೇರಿದ. ಅಲ್ಲಿ ಹತ್ತಿದವರು ಎರಡನೆಯವನನ್ನು ಡಬ್ಬಿಯ ನಡುವಿಗೆ ಒಯ್ದರು. ಅವನು ಕೊನೆಯ ಸ್ಟೇಶನ್ನಾದ ಬೊರಿವಲಿ ನೋಡಿಕೊಂಡು ಬಂದ. ಸಾಂತಾಕ್ರೂಜ್‌ನಲ್ಲಿ ನಾನಿಳಿದೆ, ಬೆಳಗಾವಿಯ ಮೂರನೆಯವನೂ ಅಂಗಿಯ ಮಡಿಕೆ ಕೆಡದಂತೆ ಇಳಿದ. ಮ್ಯಾನೇಜರ್ ಇಳಿಯಲಿಲ್ಲ. ಬಾಗಿಲಲ್ಲಿ ಜಾಗ ಬಿಡದೆ ನಿಂತಿದ್ದ ಅವರನ್ನು ಹತ್ತುವವರು ಹೊತ್ತುಕೊಂಡೇ ಒಳಗೆ ಹೋದರು. ಮುಂದಿನ ಸ್ಟೇಶನ್ನಿನಿಂದ ಅವರು ಮರಳಿ ಬಂದಾಗ ಒಂದು ಕಾಲಿಗೆ ಚಪ್ಪಲಿಯಿರಲಿಲ್ಲ.

"ನೀ ಹೆಂಗ ಇಳದ್ಯೋ?" ಎಂದು ಮೂರನೆಯವನನ್ನು ಕೇಳಿದರು.

"ಬಾಂದ್ರಾದಾಗನ ಕೇಳಿದ್ನಿ ಸರ್, ಸಾಂತಾಕ್ರೂಜ್ ಕೋನ್ ಉತರೇಗಾ, ಯಾರ ಇಳೀತೀರಿ ಅಂತ. ದಪ್ಪನ್ನ ಕಾಕಾ ಒಬ್ರು ಹೂಂ ಅಂದ್ರು. ಅವರ ಬೆನ್ನಿಗೆ ನಿಂತ್ನಿ."

ಅವರು ನನ್ನ ಕಡೆ ತಿರುಗಿದರು. "ಇಂವ ಮೊದಲ ನೋಡಿ ಆಮ್ಯಾಲ ನಿಂತಾನ, ಮಾಸ್ತರ. ನಾವು ನಿಂತ ಮ್ಯಾಲ ನೋಡತಿದ್ವಿ."

"ಮತ್ತೆ ನೀವು ಇಳಿಯಲೇ ಇಲ್ಲವಲ್ಲ?"

"ನಾ ಮ್ಯಾನೇಜರ್ ಅದೀನ್ರಿ. ನನಗೆಲ್ಲಿ ಪರೀಕ್ಷಾ?"

ಬೆಳಗಾವಿಯವನೇ ಆಯ್ಕೆಯಾದ. ಕಾರಣ ಕೇಳಿದ ಮಂಡಳಿಯವರಿಗೆ ರೈಲಿನ ಸಂಗತಿಯನ್ನು ಇವರು ತಿಳಿಸಲಿಲ್ಲ. ಪ್ರವಾಸದಲ್ಲಿ ತಂಡ ಗೆದ್ದದ್ದಕ್ಕಿಂತ ಸಮ ಮಾಡಿಕೊಂಡದ್ದೇ ಹೆಚ್ಚು. ಆದರೆ ನಮ್ಮ ಎಡಬದಿಯಿಂದ ಯಾರಿಗೂ ಒಳನುಗ್ಗಲಾಗಲಿಲ್ಲ. ಇನ್ನೆರಡು ವರ್ಷ ಅವರೇ ಮ್ಯಾನೇಜರ್ ಎಂದು ಮಂಡಳಿ ತೀರ್ಮಾನಿಸಿದ್ದು ೧೯೭೨ನೆಯ ಇಸವಿ ಡಿಸೆಂಬರ್ ೧೪, ಗುರುವಾರ.