ನಾನು ನುಂಗಿದ ಎರಡು ಮಾತು

ಗಿರಿಜಾಳ ಮೊಣಕಾಲು ಹೋದದ್ದು ಅವಳ ತಪ್ಪಿನಿಂದಲ್ಲ. ಅವಳಿಗೆ ತಲುಪಿಸಬೇಕಾಗಿದ್ದ ಎರಡು ಮಾತನ್ನು ನಾನು ತಲುಪಿಸಲಿಲ್ಲ — ಅದರಿಂದ. ಹನ್ನೆರಡು ವರ್ಷ ಇದನ್ನು ಯಾರಿಗೂ ಹೇಳದೆ ಇಟ್ಟುಕೊಂಡೆ. ಮರೆತೆನೋ, ಅವಸರದಲ್ಲಿ ಬಿಟ್ಟೆನೋ, ಬೇಕೆಂದೇ ನುಂಗಿದೆನೋ — ಇದೊಂದು ನನಗೇ ಸರಿಯಾಗಿ ಗೊತ್ತಿಲ್ಲ. ಗೊತ್ತಿದ್ದಷ್ಟನ್ನು ಇಲ್ಲಿ ಹೇಳುತ್ತೇನೆ.

ನಾನು ಬೇಲೂರಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರ್. ಹೆಸರು ಶೋಭಾ. ಗಿರಿಜಾ ಹಳೇಬೀಡಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ. ಅರಸೀಕೆರೆಯಲ್ಲಿ ಡಿಗ್ರಿ ಓದುವಾಗ ನಮ್ಮಿಬ್ಬರದು ಒಂದೇ ಬೆಂಚು. ನಮ್ಮಪ್ಪ ರೈಲ್ವೆಯಲ್ಲಿದ್ದರು, ಕ್ವಾರ್ಟರ್ಸಿನ ಅಕ್ಕಪಕ್ಕದ ಮನೆಗಳಲ್ಲೆಲ್ಲ ಉತ್ತರದವರು. ಅವರ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುತ್ತಾಡುತ್ತ ಹಿಂದಿ ನನ್ನ ಬಾಯಿಗೆ ಬಂತು. ಗಿರಿಜಾ ಕಣಕಟ್ಟೆಯ ತೆಂಗಿನ ತೋಟದ ಮನೆಯವಳು. ಅವಳಿಗೆ ಹಿಂದಿ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡಿದ ನಾಲ್ಕು ಪದ್ಯ, ಅಷ್ಟೇ. ಆದರೆ ಕಾಲು! ಮಾಲೇಕಲ್ಲು ಬೆಟ್ಟದ ಮೆಟ್ಟಿಲುಗಳನ್ನು ಅವಳು ಕೆಳಗಿನಿಂದ ಮೇಲಿನವರೆಗೆ ಓಡಿಯೇ ಹತ್ತುತ್ತಿದ್ದಳು. ನಾನು ಅರ್ಧದಲ್ಲಿ ಕೂತು ಏದುಸಿರು ಬಿಡುವಾಗ ಅವಳು ದೇವರ ದರ್ಶನ ಮುಗಿಸಿ, ಕೈಯಲ್ಲಿ ಹೂ ಹಿಡಿದು ಇಳಿದು ಬರುತ್ತಿದ್ದಳು.

ಕಾಲೇಜಿನಿಂದ ನಮ್ಮಿಬ್ಬರನ್ನೂ ಹಿಮಾಲಯದ ಒಂದು ಸಾಹಸ ಶಿಬಿರಕ್ಕೆ ಕಳಿಸಿದರು. ಸ್ನೋಬೋರ್ಡ್ ಎಂದರೇನೆಂದು ನಾವು ನೋಡಿದ್ದೇ ಅಲ್ಲಿ — ಆಳುದ್ದದ ಒಂದು ಹಲಗೆ. ಅದರ ಮೇಲೆ ಅಡ್ಡ ನಿಂತು, ಎರಡೂ ಕಾಲನ್ನು ಬಿಗಿಯಾಗಿ ಕಟ್ಟಿಕೊಂಡು, ಹಿಮದ ಇಳಿಜಾರಿನಲ್ಲಿ ಜಾರಬೇಕು. ಮೊದಲ ವಾರ ಬಿದ್ದದ್ದೇ ಬಿದ್ದದ್ದು. ಆಮೇಲೆ ಏನಾಯಿತೋ, ಇಬ್ಬರಿಗೂ ಅದರ ಹುಚ್ಚು ಹಿಡಿಯಿತು. ಮರುವರ್ಷವೂ ಹೋದೆವು. ಆ ಸಲ ಶಿಬಿರದ ಕೊನೆಯಲ್ಲಿ ಒಂದು ಆಯ್ಕೆ ಇತ್ತು. ಅಲ್ಲೇ ಉಳಿದು, ಮುಂದಿನ ತರಬೇತಿ ಪಡೆದು, ಬರುವವರಿಗೆ ಕಲಿಸುವ ಕೆಲಸ. ಹುಡುಗಿಯರಿಗೆ ಇದ್ದದ್ದು ಒಂದೇ ಜಾಗ. ಅದು ಗಿರಿಜಾಳಿಗೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ನಾನೂ ಹಾಗೇ ಹೇಳುತ್ತಿದ್ದೆ — ನಗುನಗುತ್ತಲೇ.

ನಮಗೆ ಕಲಿಸುತ್ತಿದ್ದ ಸಾರ್ ಆ ಬೆಟ್ಟದ ಕಡೆಯವರೇ, ವಯಸ್ಸಾದವರು. ಹಿಂದಿ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ಅವರು ಹೇಳಿದ್ದನ್ನೆಲ್ಲ ನಾನು ಗಿರಿಜಾಳಿಗೆ ಕನ್ನಡದಲ್ಲಿ ಹೇಳಬೇಕು. ಎರಡು ವರ್ಷವೂ ಹಾಗೇ ನಡೆದಿತ್ತು. ‘ನೀನೇ ಕಣೇ ನನ್ ಕಿವಿ’ ಎನ್ನುತ್ತಿದ್ದಳು.

ಆಯ್ಕೆಯ ಹಿಂದಿನ ದಿನ ಸಾರ್ ನನಗೆ ಬೇರೊಂದು ಬೋರ್ಡ್ ಕೊಟ್ಟು ನೋಡು ಎಂದರು. ನಾವು ಕಲಿತದ್ದು ಮೆತ್ತನೆಯ ಬೋರ್ಡಿನ ಮೇಲೆ. ಕಾಲು ತುಸು ಒತ್ತಿದರೆ ಬಾಗುತ್ತದೆ, ಹಿಂದು ಮುಂದು ಎರಡೂ ಒಂದೇ ಆಕಾರ. ಇದು ಹಾಗಲ್ಲ. ಮುಂದಿನ ಮೂತಿ ಉದ್ದ, ಅಗಲ. ಹಿಂದಿನ ಬಾಲ ಮೊಟಕು. ಕೈಯಲ್ಲಿ ಬಗ್ಗಿಸಲು ಹೋದರೆ ಬಗ್ಗುವುದೇ ಇಲ್ಲ. ಒಂದೇ ದಿಕ್ಕಿಗೆ, ಕಡಿದಾದ ಬೆಟ್ಟದಲ್ಲಿ ವೇಗವಾಗಿ ಇಳಿಯುವುದಕ್ಕೆಂದೇ ಮಾಡಿದ್ದು.

ಅದರ ಮೇಲೆ ನಿಂತ ಮೊದಲ ಕ್ಷಣ ನನಗಿನ್ನೂ ನೆನಪಿದೆ. ಬೆಳಗಿನ ಗಟ್ಟಿ ಹಿಮದಲ್ಲಿ ಮೆತ್ತನೆಯ ಬೋರ್ಡ್ ಗಡಗಡ ನಡುಗುತ್ತದೆ, ನಡುಕ ಹಲ್ಲಿನವರೆಗೆ ಬರುತ್ತದೆ. ಇದು ಸದ್ದಿಲ್ಲದೆ ಹೋಯಿತು. ಅಂಚನ್ನು ಒತ್ತಿದರೆ ಹಿಮವನ್ನು ಕತ್ತರಿಸಿದಂತೆ ಗೀರು ಬಿತ್ತು, ಆ ಗೀರಿನಿಂದ ಆಚೀಚೆ ಜಾರಲಿಲ್ಲ. ಹೊಸ ಹಿಮ ರಾಶಿ ಬಿದ್ದ ಕಡೆ ಮೂತಿ ತಾನಾಗಿಯೇ ಮೇಲೆದ್ದು ತೇಲಿತು. ವೇಗ ಹೆಚ್ಚಿದಷ್ಟೂ ಅದಕ್ಕೆ ಸಮಾಧಾನ. ಹೆಚ್ಚಿದಷ್ಟೂ ನನಗೆ ಭಯ. ಭಯಕ್ಕೆ ನಾನು ಹಿಂದಕ್ಕೆ ವಾಲಿದೆ — ಅಷ್ಟೇ, ಅದು ನನ್ನ ಕೈ ಬಿಟ್ಟಿತು. ತಿರುಗಿಸಿದರೆ ತಿರುಗದು, ನಿಲ್ಲಿಸಿದರೆ ನಿಲ್ಲದು, ನೆಟ್ಟಗೆ ಓಡಿತು. ಹೇಗೋ ಬೇಕೆಂದೇ ಬಿದ್ದು, ಹೊರಳಿ, ಬಚಾವಾದೆ. ನಾನು ಬಿದ್ದದ್ದನ್ನು ನೋಡಿದ್ದು ಸಾರ್ ಒಬ್ಬರೇ. ಗಿರಿಜಾಳಿಗೆ ನಾನು ಹೇಳಲಿಲ್ಲ. ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಗಿರಿಜಾಳ ಬೋರ್ಡಿನ ಅಂಚು ಕಿತ್ತು ಬಂದಿರುವುದು ಕಂಡಿತು. ಸಾರ್ ಆ ಗಡಸು ಬೋರ್ಡನ್ನು ತಂದು ಅವಳ ಮುಂದಿಟ್ಟರು. ‘ಇವಳ ಕಾಲಲ್ಲಿ ಶಕ್ತಿ ಇದೆ, ಇವಳು ಆಳಬಲ್ಲಳು’ ಎಂದರು. ಆಮೇಲೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಮೂರು ಮಾತು ಹೇಳಿದರು. ಮೇಲಿನ ಇಳಿಜಾರಿನಲ್ಲಿ ಇದು ತಾನಾಗಿ ಹೋಗುತ್ತದೆ, ಹೆದರಬೇಡ ಅನ್ನು — ಇದು ಒಂದು. ಏನೇ ಆದರೂ ಭಾರ ಮುಂದಿನ ಕಾಲಿನ ಮೇಲೇ ಇರಲಿ, ಹಿಂದಕ್ಕೆ ವಾಲಿದರೆ ಇದು ಮಾತು ಕೇಳುವುದಿಲ್ಲ — ಇದು ಎರಡು. ಕೆಳಗೆ ಮರಗಳ ನಡುವಿನ ಕಿರುದಾರಿ ಬರುವ ಮೊದಲೇ ವೇಗ ಇಳಿಸಬೇಕು, ಇದು ತಟ್ಟನೆ ತಿರುಗುವ ಬೋರ್ಡ್ ಅಲ್ಲ — ಇದು ಮೂರು.

ಗಿರಿಜಾ ಬೂಟಿನ ಪಟ್ಟಿ ಬಿಗಿಯುತ್ತ ತಲೆಯೆತ್ತಿದಳು. ‘ಏನಂತೆ ಶೋಭಾ?’

‘ತಾನಾಗೇ ಹೋಗುತ್ತಂತೆ ಕಣೇ, ಹೆದರಬೇಡ್ವಂತೆ’ ಎಂದೆ.

‘ಅಷ್ಟೇನಾ?’

‘ಅಷ್ಟೇ.’

ಸೀಟಿ ಊದಿದರು. ಸೀಟಿ ನನ್ನ ಮಾತು ಮುಗಿದ ಮೇಲೆ ಊದಿದರೋ, ಮಾತಿನ ನಡುವೆ ಊದಿದರೋ — ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಒಮ್ಮೊಮ್ಮೆ ಹೀಗೆ, ಒಮ್ಮೊಮ್ಮೆ ಹಾಗೆ. ಆದರೆ ‘ಅಷ್ಟೇ’ ಎಂದದ್ದು ಮಾತ್ರ ನೆನಪಿದೆ. ಅದನ್ನು ಯಾರೂ ನನ್ನಿಂದ ಅವಸರದಲ್ಲಿ ಹೇಳಿಸಲಿಲ್ಲ.

ಅವಳು ಇಳಿದದ್ದನ್ನು ನೋಡಿದೆ. ಮೊದಲ ಅರ್ಧದಷ್ಟು — ಹೇಗೆ ಹೇಳಲಿ — ಅಷ್ಟು ಚೆನ್ನಾಗಿ ಇಳಿದವರನ್ನು ಆಮೇಲೆ ಅಷ್ಟು ವರ್ಷ ಅಲ್ಲಿದ್ದೂ ನಾನು ಹೆಚ್ಚು ಕಂಡಿಲ್ಲ. ಬೋರ್ಡ್ ಅವಳಿಗೆಂದೇ ಮಾಡಿಸಿದಂತಿತ್ತು. ದೊಡ್ಡ ದೊಡ್ಡ ತಿರುವು, ಒಂದು ಸಲವೂ ತಡವರಿಸಲಿಲ್ಲ. ಸಾರ್ ಕೈ ತಟ್ಟಿದರು. ನನ್ನ ಎದೆಯಲ್ಲಿ ಆಗ ಏನಾಯಿತು? ಹೆಮ್ಮೆಯೂ ಇತ್ತು, ಬೆಂಕಿಯೂ ಇತ್ತು. ಯಾವುದು ಎಷ್ಟು ಎಂದು ಬೇರ್ಪಡಿಸಲು ಇವತ್ತಿಗೂ ಆಗಿಲ್ಲ. ನಾನು ಹೇಳದೆ ಬಿಟ್ಟದ್ದು ಬೇಕಾಗಿಯೇ ಇರಲಿಲ್ಲವೇನೋ ಅಂದುಕೊಂಡೆ. ಅಷ್ಟರಲ್ಲಿ ಮರಗಳು ಹತ್ತಿರ ಬಂದವು. ವೇಗ ಇಳಿದಿರಲಿಲ್ಲ. ಅವಳಿಗೆ ಹೆದರಿಕೆಯಾಯಿತೆಂದು ಅಷ್ಟು ದೂರದಿಂದಲೂ ಗೊತ್ತಾಯಿತು — ಮೈ ಹಿಂದಕ್ಕೆ ವಾಲಿತು. ಹಿಂದಿನ ದಿನ ನಾನು ವಾಲಿದ್ದಂತೆಯೇ.

ಬಿದ್ದಾಗ ಹೋದದ್ದು ಎಡಗಾಲಿನ ಮೊಣಕಾಲು. ಹಾಸನದಲ್ಲಿ ಆಪರೇಷನ್ ಆಯಿತು, ಎರಡು ಸಲ. ಆ ಜಾಗ ನನಗೆ ಸಿಕ್ಕಿತು. ‘ನೀನಾದ್ರೂ ಹೋಗೇ, ನಮ್ ಊರಿನೋರು ಒಬ್ರಾದ್ರೂ ಅಲ್ಲಿರ್ಲಿ’ ಎಂದು ಹಾಸಿಗೆಯ ಮೇಲಿಂದ ಕಳಿಸಿಕೊಟ್ಟವಳು ಅವಳೇ. ಹೋದೆ. ಐದು ಚಳಿಗಾಲ ಅಲ್ಲಿ ಕಲಿಸಿದೆ. ಪ್ರತಿಯೊಬ್ಬರಿಗೂ ಮೊದಲು ಹೇಳುತ್ತಿದ್ದದ್ದು ಆ ಎರಡು ಮಾತನ್ನೇ — ಭಾರ ಮುಂದಿಡಿ, ಮುಂಚೆಯೇ ವೇಗ ಇಳಿಸಿ. ಒಳ್ಳೆಯ ಟೀಚರ್ ಎಂದು ಹೆಸರು ಬಂತು.

ಊರಿಗೆ ಮರಳಿ, ಬೇಲೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಶನಿವಾರ ಮಧ್ಯಾಹ್ನ ನಾವಿಬ್ಬರೂ ಅರಸೀಕೆರೆಗೆ ಒಂದೇ ಬಸ್ಸಿನಲ್ಲಿ ಹೋಗುವುದು ರೂಢಿಯಾಯಿತು. ನಾನು ಬೇಲೂರಿನಲ್ಲಿ ಹತ್ತುತ್ತೇನೆ, ಅವಳು ಹಳೇಬೀಡಿನಲ್ಲಿ. ಬಸ್ಸಿನ ಮೆಟ್ಟಿಲು ಎತ್ತರ. ಅವಳು ಕಂಬಿ ಹಿಡಿದು ಬಲಗಾಲನ್ನು ಮೊದಲಿಟ್ಟು, ಎಡಗಾಲನ್ನು ಎಳೆದುಕೊಂಡು ಹತ್ತುತ್ತಾಳೆ. ಕಂಡಕ್ಟರ್ ‘ನಿಧಾನ ಮೇಡಂ’ ಎನ್ನುತ್ತಾರೆ. ನಾನು ಕಿಟಕಿಯಿಂದ ಹೊರಗೆ ನೋಡುತ್ತೇನೆ.

ಕಳೆದ ತಿಂಗಳು ಹಾಗೆ ಬರುವಾಗ ಅವಳು ಮೊಬೈಲಿನಲ್ಲಿ ಯಾರೋ ಸ್ನೋಬೋರ್ಡ್ ಮಾಡುವ ವಿಡಿಯೋ ತೋರಿಸಿದಳು. ನೋಡುತ್ತ ನೋಡುತ್ತ ಕೇಳಿದಳು, ‘ಅಲ್ಲಾ ಶೋಭಾ, ಅವತ್ತು ಸಾರ್ ಅಷ್ಟುದ್ದ ಏನೋ ಹೇಳಿದ್ರಲ್ಲ. ನೀನು ಒಂದೇ ಮಾತ್ನಲ್ಲಿ ಮುಗ್ಸಿದೆ. ಏನಂದಿದ್ರೇ ಅವ್ರು?’

ಅನುಮಾನದಿಂದ ಕೇಳಲಿಲ್ಲ. ಹಳೆಯದೇನೋ ನೆನಪಾಯಿತೆಂದು ಕೇಳಿದಳು.

‘ನೆನಪಿಲ್ಲ ಕಣೇ’ ಎಂದೆ.

ಮೊದಲ ಸಲ ಸುಳ್ಳಾಡಿದಾಗ ಇಪ್ಪತ್ತರ ಹುಡುಗಿ ಎಂದಾದರೂ ಅಂದುಕೊಳ್ಳಬಹುದಿತ್ತು. ಈ ಸಲ? ಮೂರು ಶನಿವಾರ ಅವಳ ಪಕ್ಕದಲ್ಲಿ ಕೂತು ಬಂದೆ, ಬಾಯಿ ತೆಗೆಯಲಾಗಲಿಲ್ಲ. ನಾಲ್ಕನೆಯ ಶನಿವಾರ, ಬಸ್ಸು ಜಾವಗಲ್ ದಾಟಿದ ಮೇಲೆ ಹೇಳಿದೆ. ಮೂರು ಮಾತನ್ನೂ, ನಾನು ಹಿಂದಿನ ದಿನ ಬಿದ್ದದ್ದನ್ನೂ.

ಬಾಣಾವರದಲ್ಲಿ ಜನ ಇಳಿದರು, ಹತ್ತಿದರು. ಬಸ್ಸು ಹೊರಟ ಮೇಲೆ ಕೇಳಿದಳು, ‘ಮರ್ತಿದ್ಯಾ, ಇಲ್ಲಾ ಬೇಕಂತ್ಲೇ ಹೇಳ್ಲಿಲ್ವಾ?’

‘ಗೊತ್ತಿಲ್ಲ ಗಿರಿಜಾ. ನಿಜವಾಗ್ಲೂ ಗೊತ್ತಿಲ್ಲ.’

‘ಗೊತ್ತಿಲ್ಲ ಅಂದ್ರೆ ಹೆಂಗೇ?’ ಅವಳ ದನಿ ಏರಲಿಲ್ಲ. ‘ಹನ್ನೆರಡು ವರ್ಷದಿಂದ ನಾನು ನನ್ನನ್ನೇ ಬೈಕೊಂಡಿದೀನಿ. ಸಾರ್ ನಂಬ್ಕೊಂಡು ಕೊಟ್ರು, ನನ್ ಕೈಲಿ ಆಗ್ಲಿಲ್ಲ ಅಂತ. ನೀನು ಗೊತ್ತಿಲ್ಲ ಅಂತೀಯ.’

ಅರಸೀಕೆರೆ ಬಂತು. ಅವಳ ಚೀಲ ಇಳಿಸಿಕೊಡಲು ಕೈ ಚಾಚಿದೆ. ‘ಬಿಡು, ನಾನೇ ಹಿಡ್ಕೋತೀನಿ’ ಎಂದಳು. ಕಣಕಟ್ಟೆಯ ಬಸ್ಸು ಹೊರಡುವುದರಲ್ಲಿತ್ತು. ಹಿಂದೆ ತಿರುಗಿ ನೋಡದೆ ನಡೆದಳು.

ಅಂದಿನಿಂದ ಫೋನಿಲ್ಲ. ನಾನೂ ಮಾಡಿಲ್ಲ. ಈ ವಾರವೆಲ್ಲ ಆ ಬೆಳಗನ್ನೇ ತಿರುವಿ ಹಾಕುತ್ತ ಕೂತಿದ್ದೆ — ಸೀಟಿ ಯಾವಾಗ ಊದಿದರು, ನನ್ನ ಮನಸ್ಸಿನಲ್ಲಿ ಏನಿತ್ತು, ಹೇಳಿದ್ದರೂ ಅವಳು ಬೀಳುತ್ತಿದ್ದಳೋ ಏನೋ… ಹೀಗೆ ಹುಡುಕುತ್ತ ಹೋದರೆ ಕೊನೆಯೇ ಇಲ್ಲ. ಹುಡುಕುವಷ್ಟು ದಿನವೂ ಅವಳ ಪ್ರಶ್ನೆಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳುತ್ತಲೇ ಇರುತ್ತೇನೆ. ನನ್ನ ಮನಸ್ಸು ಹೇಗಿತ್ತೆಂದು ನನಗೆ ತಿಳಿಯದಿರಬಹುದು. ಆದರೆ ಆ ಬೋರ್ಡಿನ ಮೇಲೆ ಹಿಂದಕ್ಕೆ ವಾಲಿದರೆ ಏನಾಗುತ್ತದೆಂದು ಅವತ್ತು ಆ ಬೆಟ್ಟದ ಮೇಲಿದ್ದ ಹುಡುಗಿಯರಲ್ಲಿ ತಿಳಿದಿದ್ದದ್ದು ನನಗೊಬ್ಬಳಿಗೇ.

ನಾಳೆ ಶನಿವಾರ. ನಮ್ಮ ಮಾಮೂಲಿ ಬಸ್ಸಿಗೆ ಕಾಯುವುದಿಲ್ಲ, ಬೇಗ ಹೊರಟು ಅವಳ ಶಾಲೆ ಬಿಡುವ ಹೊತ್ತಿಗೆ ಹಳೇಬೀಡಿಗೇ ಹೋಗುತ್ತೇನೆ. ಅವಳು ಮಾತಾಡಿಸದಿದ್ದರೂ ನಿಂತು, ಅವಳು ಕೇಳಿದ್ದಕ್ಕೆ ಉತ್ತರ ಹೇಳಿ ಬರುತ್ತೇನೆ. ನನಗೆ ಗೊತ್ತಿತ್ತು, ಗಿರಿಜಾ. ನೀನು ‘ಅಷ್ಟೇನಾ’ ಎಂದು ಕೇಳಿದೆ. ನಾನು ಹೇಳಲಿಲ್ಲ.