ಬ್ಯಾರನ್ನಿನಲ್ಲಿ ಕೈಗೆ ಹತ್ತಿದ ಅಂಟು

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದು, ಹಾಗೆಯೇ ಕೆಲವು ಚಳಿಗಾಲಗಳನ್ನು ಕಳೆದಿದ್ದೇನೆ. ಪ್ರತಿಸಲವೂ ಏನಾದರೊಂದು ನೆಪ ಸಿಗುತ್ತಿತ್ತು. ಒಮ್ಮೆ ಕಣ್ಣಿನ ಆಪರೇಷನ್, ಇನ್ನೊಮ್ಮೆ ಮೊಮ್ಮಗಳ ಮದುವೆ. ಈಗ ಯಾವ ನೆಪವೂ ಉಳಿದಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಚಂದ ಮಾಡಿ ಬರೆಯಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ದೆವ್ವವನ್ನು ನಾನು ಎಂದೂ ನಂಬಿದವನಲ್ಲ. ಅದಕ್ಕೆ ನನ್ನ ಬುದ್ಧಿವಂತಿಕೆ ಕಾರಣವಲ್ಲ. ಹುಣಸೂರಿಗೂ ಎಚ್.ಡಿ. ಕೋಟೆಗೂ ನಡುವಿನ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ದೆವ್ವವಿದೆ. ಕಾಡಂಚಿನ ಹಳೆಯ ಹೊಗೆಸೊಪ್ಪಿನ ಬ್ಯಾರನ್ ಸುತ್ತ ಕೂದಲು ಬಿಚ್ಚಿಕೊಂಡ ಹೆಂಗಸೊಬ್ಬಳು ತಿರುಗುತ್ತಾಳೆ ಎನ್ನುತ್ತಾರೆ. ಆ ದೆವ್ವವನ್ನು ಹುಟ್ಟಿಸಿದವನು ನಾನು. ಅದು ಸುಳ್ಳೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ.

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ, ಎಂದರೆ ಬಿಸಿಯಲ್ಲಿ ಒಣಗಿಸುವ ಮನೆ. ಎತ್ತರದ ಮಣ್ಣಿನ ಗೋಡೆ, ಕಿಟಕಿ ಇಲ್ಲ. ಒಳಗೆ ಸಾಲುಸಾಲಾಗಿ ಅಟ್ಟಣೆ. ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ ಮೇಲಿನಿಂದ ಕೆಳಗಿನವರೆಗೂ ತೂಗುಹಾಕುತ್ತಾರೆ. ಹೊರಗಿನ ಒಲೆಯ ಬಿಸಿ ನೆಲದ ಮೇಲಿನ ತಗಡಿನ ಕೊಳವೆಗಳಲ್ಲಿ ಹರಿಯುತ್ತದೆ. ಬೆಂಕಿ ಹೆಚ್ಚಾಗಿ ಕೊಳವೆ ಕೆಂಪಗೆ ಕಾದು, ಅದರ ಮೇಲೆ ಒಂದು ಒಣಗಿದ ಎಲೆ ಉದುರಿದರೂ ಸಾಕು, ಇಡೀ ಬ್ಯಾರನ್ ಹತ್ತಿಕೊಳ್ಳುತ್ತದೆ. ಅದಕ್ಕೇ ಹಗಲೂ ರಾತ್ರಿ ಒಬ್ಬರು ಕಾಯಬೇಕು.

ಆ ಬ್ಯಾರನ್ ನಮ್ಮ ದೊಡ್ಡಪ್ಪನದು. ನನಗಾಗ ಇಪ್ಪತ್ತರ ಆಚೀಚೆ ವಯಸ್ಸು. ಕಾಡಿನ ಜನರ ಹಾಡಿಯಿಂದ ಒಬ್ಬಳು ಕೆಲಸಕ್ಕೆ ಬರುತ್ತಿದ್ದಳು. ಗಂಡ ಸತ್ತಿದ್ದ, ಒಂದು ಹೆಣ್ಣುಮಗುವಿತ್ತು. ನಾನು ಅಟ್ಟಣೆಯ ಮೇಲೆ ಕಾಲು ಅಗಲಿಸಿ ನಿಲ್ಲುತ್ತಿದ್ದೆ, ಅವಳು ಕೆಳಗಿನಿಂದ ಕಡ್ಡಿ ಎತ್ತಿ ಕೊಡುತ್ತಿದ್ದಳು. ಕತ್ತಲಲ್ಲಿ ನನ್ನ ಕೈ ಎಲ್ಲಿದೆ ಎಂದು ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ, ಕಡ್ಡಿ ಸರಿಯಾಗಿ ಅಂಗೈಗೇ ಬಂದು ಕೂರುತ್ತಿತ್ತು.

ಒಂದು ಅಮಾವಾಸ್ಯೆಯ ರಾತ್ರಿ ಬೆಂಕಿ ಕಾಯುವ ಸರದಿ ನನ್ನದಾಗಿತ್ತು. ಮತ್ತೆ ಮತ್ತೆ ಏಳಬೇಕಲ್ಲ ಎಂದು ಒಲೆಗೆ ಒಟ್ಟಿಗೇ ದೊಡ್ಡ ಸೌದೆ ತುರುಕಿ ಮಲಗಿದೆ. ಎದ್ದಾಗ ಬ್ಯಾರನ್ ಉರಿಯುತ್ತಿತ್ತು. ಒಂದು ವರ್ಷದ ಬೆಳೆ ಹೋಯಿತು. ದೊಡ್ಡಪ್ಪ ಕೊಡಲಿಯ ಕಾವು ಹಿಡಿದು ಬಂದಾಗ ನನ್ನ ಬಾಯಿಂದ ಬಂದ ಮಾತು ಇದು: ನಾನು ಎಚ್ಚರವಾಗಿಯೇ ಇದ್ದೆ, ಅವಳು ಕೂದಲು ಬಿಚ್ಚಿಕೊಂಡು ಏನೋ ಗೊಣಗುತ್ತ ಬ್ಯಾರನ್ ಸುತ್ತುತ್ತಿದ್ದಳು, ನೋಡಿದ ಕೂಡಲೇ ಕೈಕಾಲು ಆಡದೆ ಹೋದವು.

ಎಲ್ಲರೂ ನಂಬಿದರು. ಹಾಡಿಯವರಿಗೆ ಮಾಟ ಗೊತ್ತು ಎಂದು ಮೊದಲೇ ಅಂದುಕೊಂಡಿದ್ದ ಊರು. ಬೆಳಿಗ್ಗೆ ಏನೂ ತಿಳಿಯದ ಅವಳು ಬುತ್ತಿ ಕಟ್ಟಿಕೊಂಡು, ಮಗುವನ್ನು ಸೊಂಟಕ್ಕೆ ಇಟ್ಟುಕೊಂಡು ಕೆಲಸಕ್ಕೆ ಬಂದಳು. ಹೆಂಗಸರು ಸೆರಗು ಎಳೆದುಕೊಂಡು ದೂರ ಸರಿದರು. ಅವಳು ಯಾರ ಹತ್ತಿರವೂ ವಾದಿಸಲಿಲ್ಲ. ನೇರ ನನ್ನ ಮುಂದೆ ಬಂದು ನಿಂತಳು.

"ನನ್ ಮೊಕ ನೋಡಿ ಯೋಳು. ನೀನ್ ಕಂಡ್ಯಾ ನನ್ನ?"

"ಊಂ, ಕಂಡೆ" ಎಂದೆ. ಮುಖ ಮಾತ್ರ ನೋಡಲಿಲ್ಲ.

ಆಮೇಲೆ ಯಾವ ಬ್ಯಾರನ್ನಿನವರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಮಗುವಿನೊಂದಿಗೆ ಕೊಡಗಿನ ಕಾಫಿ ತೋಟಕ್ಕೆ ಹೊರಟುಹೋದಳು. ಒಂದೆರಡು ವರ್ಷದ ನಂತರ ಒಮ್ಮೆ ಪಿರಿಯಾಪಟ್ಟಣದ ಬಸ್ ಸ್ಟಾಂಡಿನಲ್ಲಿ ಕಂಡಳು, ತುಂಬ ಬಡವಾಗಿದ್ದಳು. ಅವಳ ಬಸ್ಸು ಹೊರಡುವವರೆಗೂ ನಾನು ಕಬ್ಬಿನಹಾಲಿನ ಅಂಗಡಿಯ ಹಿಂದೆ ನಿಂತಿದ್ದೆ. ಹತ್ತಿರ ಹೋಗಿ ಒಂದು ಮಾತು ಆಡಬಹುದಿತ್ತು. ಮುಂದೆ ತೋಟದ ಕೂಲಿಯವರ ಲೈನ್ ಮನೆಯಲ್ಲೇ ಜ್ವರ ಬಂದು ತೀರಿಕೊಂಡಳೆಂದು ಜೀಪಿನ ಡ್ರೈವರ್ ಒಬ್ಬ ಹೇಳಿದ. ಊರವರು ತಮ್ಮ ಮಾತಿನಲ್ಲೇ ಅವಳನ್ನು ದೆವ್ವ ಮಾಡಿ ಬ್ಯಾರನ್ನಿಗೆ ತಂದಿಟ್ಟರು. ದೊಡ್ಡಪ್ಪ ಹೊಸ ತಗಡು ಹೊದಿಸಿದರೂ ಆಳುಗಳು ಒಳಗೆ ಕಾಲಿಡಲಿಲ್ಲ. ಅದು ಹಾಳುಬಿತ್ತು.

ಕೊರೋನಾ ಕಳೆದ ಮೇಲೆ ಒಂದು ಪುಷ್ಯಮಾಸದಲ್ಲಿ ಮೈಸೂರಿನಿಂದ ಮೂವರು ಬಂದರು. ದೆವ್ವ ಇರುವ ಜಾಗಗಳನ್ನು ಹುಡುಕಿ ಪರೀಕ್ಷೆ ಮಾಡುವವರಂತೆ. ಇಬ್ಬರು ಮೊಬೈಲಿನಲ್ಲಿ ವಿಡಿಯೋ ಹಾಕುವವರು, ನಗುನಗುತ್ತಲೇ ಇದ್ದರು. ಮೂರನೆಯವನು ನಾಗೇಶ, ನಲವತ್ತು ದಾಟಿದವನು, ಟಿವಿ ರಿಪೇರಿ ಅಂಗಡಿ ಇಟ್ಟವನು. ದೆವ್ವ ಬಂದರೆ ದೀಪ ಮಿನುಗುವ ಒಂದು ಯಂತ್ರವನ್ನು ಅವನೇ ಮಾಡಿಕೊಂಡಿದ್ದ. ಅವರಿಗೆ ರಾತ್ರಿಯೇ ಬೇಕಿತ್ತು. ಈಗ ಆ ಜಮೀನು ನೋಡಿಕೊಳ್ಳುವ ದೊಡ್ಡಪ್ಪನ ಮೊಮ್ಮಗ ಒಪ್ಪಲಿಲ್ಲ.

"ಆನೆ ತಿರ್ಗೋ ಜಾಗ್ದಲ್ಲಿ ದೆವ್ವ ಯಾವ್ ಲೆಕ್ಕ ಕಣ್ರಪ್ಪ. ಕತ್ಲಾದ್ ಮೇಲೆ ಇಲ್ಲಿದ್ರೆ ನೀವೇ ದೆವ್ವ ಆಯ್ತೀರ" ಎಂದ. ಹಾಗಾಗಿ ಮಧ್ಯಾಹ್ನವೇ ಹೋಗುವುದೆಂದಾಯಿತು. ಬ್ಯಾರನ್ನಿನ ಒಳಗೆ ಹೇಗೂ ಹಗಲೂ ಕತ್ತಲೆಯೇ. ಅವಳನ್ನು ಕಂಡವರಲ್ಲಿ ಬದುಕಿರುವವರು ನೀವೊಬ್ಬರೇ ಎಂದು ನನ್ನನ್ನೂ ಕರೆದರು.

ಹೋಗುವ ದಾರಿಯಲ್ಲಿ ನಾಗೇಶನನ್ನು ಕೇಳಿದೆ, ಕೆಲಸ ಬಿಟ್ಟು ಇದನ್ನೆಲ್ಲ ಯಾಕಪ್ಪ ಮಾಡುತ್ತೀಯ ಎಂದು. ಅವನು ಹೇಳಿದ್ದು: ಕೊರೋನಾ ಬಂದು ತಾಯಿ ಆಸ್ಪತ್ರೆಯಲ್ಲಿದ್ದಾಗ ಒಮ್ಮೆ ಫೋನ್ ಮಾಡಿದರಂತೆ. ಆಮೇಲೆ ಮಾಡುತ್ತೇನೆ ಎಂದು ಇವನು ಇಟ್ಟುಬಿಟ್ಟನಂತೆ. ಮತ್ತೆ ಮಾತಾಡಲು ಆಗಲಿಲ್ಲ, ತೀರಿಕೊಂಡ ಮೇಲೆ ಆಸ್ಪತ್ರೆಯವರು ಮುಖವನ್ನೂ ತೋರಿಸಲಿಲ್ಲ.

"ಎಲ್ಲಾದ್ರೂ ಒಂದ್ಕಡೆ ಒಬ್ರು ಇದಾರೆ ಅಂತ ಗೊತ್ತಾದ್ರೆ ಸಾಕು ಸಾರ್. ಹಂಗಾದ್ರೆ ನಮ್ಮಮ್ಮನೂ ಎಲ್ಲೋ ಇರ್ತಾರೆ. ನಿಮಗೆ ಒಳಗೆ ಏನೇ ಅನ್ಸಿದ್ರೂ ಹೇಳ್ಬಿಡಿ. ಮುಚ್ಚಿಡ್ಬೇಡಿ."

ಅವನು ಇದೆ ಎಂದು ತಿಳಿಯಲು ಹೊರಟಿದ್ದ. ನಾನು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಹೊರಟಿದ್ದೆ. ಅಷ್ಟು ವರ್ಷ ನನ್ನ ಸುಳ್ಳು ಬರೀ ಸುಳ್ಳಾಗಿಯೇ ಇದ್ದದ್ದು ನನಗೊಂದು ಸಮಾಧಾನವಾಗಿತ್ತು.

ಒಳಗೆ ಬಾವಲಿಯ ವಾಸನೆ. ಅಟ್ಟಣೆ, ಕೊಳವೆ ಯಾವುದೂ ಉಳಿದಿರಲಿಲ್ಲ. ಬಾಗಿಲು ಮುಚ್ಚಿ ಟಾರ್ಚ್ ಆರಿಸಿದರು. ನಾಗೇಶ ಯಂತ್ರವನ್ನು ನೆಲದ ಮೇಲಿಟ್ಟು ಕತ್ತಲೆಗೆ ಪ್ರಶ್ನೆ ಕೇಳತೊಡಗಿದ. ಯಾರಾದರೂ ಇದ್ದೀರಾ, ನಮಗೆ ಏನಾದರೂ ಹೇಳಬೇಕಾ ಎಂದು. ಸ್ವಂತ ಮನೆಯವರನ್ನು ವಿಚಾರಿಸುವ ಹಾಗೆ ಮೆಲ್ಲಗೆ ಕೇಳುತ್ತಿದ್ದ. ದೀಪ ಮಿನುಗಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, ನೀವು ಅವರ ಹೆಸರು ಹಿಡಿದು ಒಂದು ಸಲ ಕರೆಯಿರಿ, ಗೊತ್ತಿರುವವರ ದನಿಗೆ ಬಂದರೂ ಬರಬಹುದು ಎಂದ.

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ಗೋಡೆ ಹಿಡಿಯಲೆಂದು ಬಲಗೈ ಚಾಚಿದೆ. ಅಂಗೈಗೆ ಗೋಡೆ ಸಿಗಲಿಲ್ಲ. ತಣ್ಣಗೆ, ಒದ್ದೆಯಾಗಿ, ಭಾರವಾಗಿ, ಎಲೆ ತುಂಬಿದ ಕಡ್ಡಿಯೊಂದು ಬಂದು ಕೂತಿತು. ಹಿಂದೆ ಕೂರುತ್ತಿದ್ದಂತೆಯೇ. ಬೆರಳುಗಳು ತಾವೇ ಮುಚ್ಚಿಕೊಂಡವು. ಆಚೆ ತುದಿಯಲ್ಲಿ ಯಾರೋ ಹಿಡಿದುಕೊಂಡಿದ್ದು, ನಾನು ಹಿಡಿದೆನೆಂದು ತಿಳಿದ ಮೇಲೆ ಬಿಟ್ಟರು. ಆ ಬಿಟ್ಟ ಭಾರ ನನ್ನ ಮೊಣಕೈವರೆಗೂ ಇಳಿಯಿತು. ಮರುಕ್ಷಣ ಅಲ್ಲಿ ಮಣ್ಣಿನ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಟಾರ್ಚ್ ಹಚ್ಚಿದರು. ಯಂತ್ರ ಸುಮ್ಮನಿತ್ತು, ಅವರು ತಂದಿದ್ದ ರೆಕಾರ್ಡರಿನಲ್ಲಿ ಬಾವಲಿಯ ರೆಕ್ಕೆ ಸದ್ದು ಮಾತ್ರ.

"ಏನಾದ್ರೂ ಅನ್ಸ್ತಾ ಸಾರ್?" ನಾಗೇಶ ಕೇಳಿದ.

"ಏನೂ ಇಲ್ಲ" ಎಂದೆ. ಅಂದು ಕಾಣದ್ದನ್ನು ಕಂಡೆ ಎಂದಿದ್ದ ಅದೇ ಬಾಯಲ್ಲಿ. ಅವನು ತಲೆಯಾಡಿಸಿ ವೈರುಗಳನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡ. ಉಳಿದಿಬ್ಬರು ಟೀ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ನಾಗೇಶ ಟೀಗೂ ನಿಲ್ಲಲಿಲ್ಲ.

ಮನೆಗೆ ಬಂದು ಊಟಕ್ಕೆ ಕೂತಾಗ ಸೊಸೆ ನನ್ನ ಕೈ ನೋಡಿದಳು. "ಇದೇನ್ ಮಾವ, ಈ ಕಾಲ್ದಲ್ಲಿ ಯಾರ್ ಒಲ್ದಲ್ಲಿ ಸೊಪ್ಪು ಮುರ್ದ್ ಬಂದ್ರಿ?"

ಬಲ ಅಂಗೈ ಪೂರ್ತಿ ಕಪ್ಪು ಅಂಟು. ಹೊಗೆಸೊಪ್ಪಿನ ಕೆಲಸ ಮಾಡಿದವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಹಸಿ ಎಲೆ ಮುಟ್ಟದೆ ಅದು ಹತ್ತುವುದಿಲ್ಲ. ಪುಷ್ಯದಲ್ಲಿ ನಮ್ಮ ಸುತ್ತಮುತ್ತ ಯಾವ ಹೊಲದಲ್ಲೂ ಹಸಿ ಸೊಪ್ಪು ಇರುವುದಿಲ್ಲ. ಬ್ಯಾರನ್ ಪಕ್ಕದ ಜಮೀನನ್ನು ಕೇರಳದವರು ಗುತ್ತಿಗೆ ಹಿಡಿದು ಶುಂಠಿ ಹಾಕಿದ್ದಾರೆ. ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದೆ, ಒಂದೇ ಸಲಕ್ಕೆ ಹೋಗಲಿಲ್ಲ.

ಬಾವಲಿಯ ಹಿಕ್ಕೆ ಇರಬಹುದೇ, ಹಳೆಯ ಗೋಡೆಯ ಮಸಿ ಇರಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಎರಡರ ವಾಸನೆಯೂ ನನಗೆ ಗೊತ್ತು, ಅವಲ್ಲ. ನನ್ನ ಮನಸ್ಸಿನ ಭ್ರಮೆ ಎಂದುಕೊಂಡರೆ ಸೊಸೆಗೆ ಯಾಕೆ ಕಂಡಿತು? ಅಷ್ಟು ದೂರದ ತೋಟದಲ್ಲಿ ಸತ್ತವಳು ನಾನು ಸುಳ್ಳು ಹೇಳಿದ ಜಾಗಕ್ಕೇ ಬಂದು ಯಾಕಿರಬೇಕು? ನನಗೆ ಇಂದಿಗೂ ಗೊತ್ತಿಲ್ಲ. ಬಂದಿದ್ದರೆ, ನನ್ನ ಕುತ್ತಿಗೆ ಹಿಡಿಯಬಹುದಿತ್ತು. ಕೆಲಸ ಮುಂದುವರಿಸುವವಳ ಹಾಗೆ ಕಡ್ಡಿ ಕೊಟ್ಟಳು.

ನಾಗೇಶನ ನಂಬರ್ ಮನೆಯಲ್ಲಿದೆ. ಇದನ್ನು ಮುಗಿಸಿದ ಮೇಲೆ ಅವನಿಗೆ ಹೇಳಬೇಕು. ಊರಿನಲ್ಲಿ ಈಗಿನವರಿಗೆ ಅವಳು ಬರೀ ಬ್ಯಾರನ್ ದೆವ್ವ. ಹೆಸರು ಗೊತ್ತಿರುವವನು ನಾನೊಬ್ಬನೇ ಇರಬೇಕು. ಅಂದು ಕತ್ತಲೆಯಲ್ಲಿ ಕರೆಯಲು ಹೇಳಿದಾಗ ನನ್ನ ಬಾಯಿಂದ ಬಾರದೆ ಉಳಿದ ಹೆಸರು, ಬೊಮ್ಮಿ.